ತಿಂತೊರೆತ್ತೊನ ತೂಗುದೀಪ: ಇರುಳ ಚಿತ್ರಗಳಲ್ಲಿ ಲೌಕಿಕ ಬೆಳಕಿನ ಸ್ಥಾನ

ಹದಿನಾರನೆಯ ಶತಮಾನದ ಇಟಲಿಯ ಧಾರ್ಮಿಕ ಚಿತ್ರಗಳಲ್ಲಿ ಇರುಳು ಹೇಗೆ ಬೆಳೆದುಬಂತೆಂಬ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ಹದಿನಾಲ್ಕನೆಯ ಶತಮಾನದ ಸಂತ ಬ್ರಿಜಿತಾಳ ಬೆತ್ಲೆಹೇಮ್ ದರ್ಶನದಲ್ಲಿ ದಿವ್ಯಶಿಶುವಿನ ತೇಜಸ್ಸಿನೆದುರು ಜೋಸೆಫನ ಮೇಣದಬತ್ತಿ ಮಂಕಾಗುತ್ತದೆ. 1522ರಲ್ಲಿ ಕೊರೆಜ್ಜೊ ಒಪ್ಪಿಕೊಂಡ, ಈಗ ಡ್ರೆಸ್ಡೆನ್‌ನಲ್ಲಿರುವ ‘ಇರುಳು’ ಚಿತ್ರದಲ್ಲಿ ಬತ್ತಿಯೇ ಇಲ್ಲ. ಗೋದಲಿಯ ಬೆಳಕು ತಾಳಲಾರದೆ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಿದ್ದಾಳೆ. 1559ರ ಹೊತ್ತಿಗೆ ತಿಶಿಯನ್ ಮುಗಿಸಿದ ಸಂತ ಲಾರೆನ್ಸನ ಹುತಾತ್ಮತೆಯ ಚಿತ್ರದಲ್ಲಿ ಕೆಂಡ, ಪಂಜು, ಆಕಾಶದ ಬೆಳಕು ಮೂರೂ ಇವೆ.

ನನ್ನ ಭಿನ್ನಾಭಿಪ್ರಾಯ ಇರುವುದು ವೋಲ್ಫ್‌ಗಾಂಗ್ ಶ್ಯೋನೆ ಅವರ ವಿಂಗಡಣೆಯೊಡನೆ. ಚಿತ್ರಕಲೆಯ ಬೆಳಕನ್ನು ಕುರಿತ 1954ರ ಮಹತ್ವದ ಗ್ರಂಥದಲ್ಲಿ ಅವರು ಕೃತಕ ಬೆಳಕನ್ನೂ ಪವಿತ್ರ ಬೆಳಕನ್ನೂ ಬೇರೆಬೇರೆಯಾಗಿ ಇಟ್ಟರು. ಬೇರೆಡೆ ತುಂಬ ಉಪಯುಕ್ತವಾದ ಈ ಗೆರೆ, ವೆನಿಸ್ಸಿನ ಸಾನ್ ಜಾರ್ಜೊ ಮಜ್ಜೋರೆ ಚರ್ಚಿನಲ್ಲಿರುವ ತಿಂತೊರೆತ್ತೊನ ‘ಕಡೆಯ ಭೋಜನ’ದ (1592–94) ಮುಂದೆ ನಿಲ್ಲುವುದಿಲ್ಲ. ಅಲ್ಲಿ ಬೆಳಕಿನ ಮೂಲಗಳು ಮುಖ್ಯವಾಗಿ ಎರಡು: ಯೇಸುವಿನ ಪ್ರಭಾವಳಿ, ಎಡಮೇಲ್ಗಡೆ ಉರಿಯುವ ತೂಗುದೀಪ. ಗೆರೆಯನ್ನು ಒಪ್ಪಿದರೆ ಒಂದು ಗೆಲ್ಲಬೇಕು, ಇನ್ನೊಂದು ಸೋಲಬೇಕು. ಆದರೆ ಈ ದೀಪ ಮಂಕಾಗಿಲ್ಲ, ಭುಗಿಲೆದ್ದಿದೆ. ಅದಕ್ಕಿಂತ ಮುಖ್ಯವಾಗಿ, ಅದರ ಹೊಗೆ ಸುರುಳಿಗಟ್ಟಿದ ಕಡೆಯೇ ದೇವದೂತರು ಮೈತಳೆಯುತ್ತಾರೆ. ಎಲ್ಲಿಗೆ ಹೊಗೆ ಮುಗಿದು ರೆಕ್ಕೆ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು.

ಚಿತ್ರದ ವಸ್ತುವನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಇಲ್ಲಿ ಯೇಸು ದ್ರೋಹಿಯನ್ನು ಬಯಲಿಗೆಳೆಯುತ್ತಿಲ್ಲ. ಎದ್ದು ನಿಂತು ಪ್ರೇಷಿತರಿಗೆ ರೊಟ್ಟಿ ಕೊಡುತ್ತಿದ್ದಾನೆ. ಬಲಿಪೀಠದ ಬಳಿಯ ಗೋಡೆಯ ಮೇಲಿರುವ ಈ ಚಿತ್ರದಲ್ಲಿ ಮೇಜು ಓರೆಯಾಗಿ ಒಳಸರಿಯುವುದೂ ಪರಮಪ್ರಸಾದಕ್ಕೆ ಬಂದವರ ಕಣ್ಣಿಗೆ ಹೊಂದಿಕೊಂಡೇ. ಟ್ರೆಂಟ್ ಮಹಾಸಭೆ 1551ರಲ್ಲಿ ದೃಢಪಡಿಸಿದ ಬೋಧನೆಯಂತೆ ರೊಟ್ಟಿಯ ಸಾರ ಯೇಸುವಿನ ದೇಹವಾಗುತ್ತದೆ, ಹೊರರೂಪ ಮಾತ್ರ ರೊಟ್ಟಿಯದಾಗಿಯೇ ಉಳಿಯುತ್ತದೆ. ದೀಪವೂ ಹಾಗೆಯೇ ಅಡುಗೆಮನೆಯ ಎಣ್ಣೆದೀಪವಾಗಿ ಉಳಿದುಕೊಂಡೇ ಸ್ವರ್ಗಕ್ಕೆ ದಾರಿಯಾಗಿದೆ ಎಂಬುದು ನನ್ನ ವಾದ. ಬ್ರಿಜಿತಾಳ ಪರಂಪರೆ ಲೌಕಿಕ ಬೆಳಕನ್ನು ತಗ್ಗಿಸಿತು. ತಿಂತೊರೆತ್ತೊ ಅದನ್ನು ಎತ್ತಿಹಿಡಿದ.

ಈ ಮಾತನ್ನು ಅದರ ಮಿತಿಗಳೊಡನೆಯೇ ಆಡಬೇಕು. ಚಿತ್ರಕಾರ ಮಹಾಸಭೆಯ ನಿರ್ಣಯವನ್ನು ಓದಿದ್ದನೆಂದಾಗಲಿ, ಸಾನ್ ಜಾರ್ಜೊದ ಬೆನೆಡಿಕ್ಟೈನ್ ಸನ್ಯಾಸಿಗಳು ದೀಪವನ್ನು ಹೀಗೇ ಬರೆಯಹೇಳಿದರೆಂದಾಗಲಿ ನಾನು ಹೇಳುತ್ತಿಲ್ಲ. ಎಲ್ಲ ದೇವದೂತರೂ ದೀಪದ ಬಳಿಯಿಲ್ಲ; ದೂರದವರನ್ನು ಹೊಗೆಯಿಂದ ಹುಟ್ಟಿದವರೆನ್ನುವುದು ಕಷ್ಟ. ಪ್ರಭಾವಳಿಯ ಪ್ರಖರತೆಯನ್ನೂ ಅಲ್ಲಗಳೆಯಲಾಗದು. ಆದ್ದರಿಂದ ಎರಡೂ ಸರಿಸಮವೆನ್ನದೆ, ಅವುಗಳ ನಡುವೆ ವೈರವಿಲ್ಲ ಎಂದಷ್ಟೇ ನಿಲ್ಲಿಸುತ್ತೇನೆ.

ಇನ್ನೊಂದು ಪ್ರಶ್ನೆ ಬಾಕಿಯಿದೆ. ಎದುರುಗೋಡೆಯಲ್ಲಿ ಅದೇ ಕಾಲದ, ಮನ್ನಾ ಪ್ರಸಂಗದ ಚಿತ್ರವಿದೆ. ಅದು ಬಯಲಿನದು, ಹಗಲಿನದು. ಎರಡನ್ನೂ ಜೋಡಿಯಾಗಿ ಓದಿದಾಗ ಈ ಹಗಲು ದೀಪದ ಅರ್ಥವನ್ನು ಎಷ್ಟು ಬದಲಿಸುತ್ತದೆ, ಅದರಲ್ಲಿ ಕಾರ್ಯಾಗಾರದ ಸಹಾಯಕರ ಪಾಲೆಷ್ಟು ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು.