ಬ್ರೂಕ್‌ಲ್ಯಾಂಡ್ಸ್ ಮೋಟಾರು ಪಥ: ಒಂದು ಐತಿಹಾಸಿಕ ಅವಲೋಕನ

ಇಂಗ್ಲೆಂಡಿನ ಸರ್ರೆ ಜಿಲ್ಲೆಯ ವೇಬ್ರಿಜ್ ಪಟ್ಟಣದ ಸಮೀಪದಲ್ಲಿ, ವೇ ನದಿಯ ಬಯಲಿನಲ್ಲಿ, ಬ್ರೂಕ್‌ಲ್ಯಾಂಡ್ಸ್ ಎಂಬ ಸ್ಥಳವಿದೆ. ಮೋಟಾರು ಪಂದ್ಯಗಳಿಗೆಂದೇ ನಿರ್ಮಿತವಾದ, ಎತ್ತರಿಸಿದ ತಿರುವುಗಳುಳ್ಳ ಪಥಗಳಲ್ಲಿ ಜಗತ್ತಿಗೆಲ್ಲ ಮೊದಲನೆಯದು ಇಲ್ಲಿಯದು. 1907ರಲ್ಲಿ ಆರಂಭವಾದ ಈ ಪಥದಲ್ಲಿ 1939ರ ತರುವಾಯ ಪಂದ್ಯಗಳು ನಡೆಯಲಿಲ್ಲ. ಎರಡನೆಯ ಮಹಾಯುದ್ಧವು ಇದನ್ನು ಕೊನೆಗಾಣಿಸಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಸ್ಥಳವನ್ನೂ ಅಲ್ಲಿಯ ವಸ್ತುಸಂಗ್ರಹಾಲಯವನ್ನೂ ಸಂದರ್ಶಿಸಿದ ಮೇಲೆ ಈ ಹೇಳಿಕೆ ಅರ್ಧ ಸತ್ಯವೆಂದು ನಮಗೆ ತೋರಿತು. ಹಾಗೆ ತೋರಲು ಕಾರಣಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಪಥದ ಹುಟ್ಟಿಗೆ ಒಂದು ಕಾನೂನಿನ ಹಿನ್ನೆಲೆಯಿದೆ. 1903ರ ಮೋಟಾರು ಶಾಸನವು ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ವೇಗಮಿತಿಯನ್ನು ವಿಧಿಸಿತು. ಫ್ರಾನ್ಸ್, ಇಟಲಿಗಳಲ್ಲಿ ಸಾರ್ವಜನಿಕ ರಸ್ತೆಗಳಲ್ಲಿಯೇ ಪಂದ್ಯಗಳು ನಡೆಯುತ್ತಿದ್ದಾಗ, ಬ್ರಿಟಿಷ್ ತಯಾರಕರಿಗೆ ತಮ್ಮ ವಾಹನಗಳನ್ನು ವೇಗವಾಗಿ ಓಡಿಸಿ ಪರೀಕ್ಷಿಸಲು ಸ್ಥಳವಿರಲಿಲ್ಲ. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರನು ಈ ಕೊರತೆಯನ್ನು ನೀಗಿಸಲು ತನ್ನ ಸ್ವಂತ ಜಮೀನಿನಲ್ಲಿಯೇ ಪಥವನ್ನು ಕಟ್ಟಿಸಲು ಮುಂದಾದನು. ಕರ್ನಲ್ ಹೋಲ್ಡನ್ನನ ಯೋಜನೆಯಂತೆ 1906ರಲ್ಲಿ ಕೆಲಸ ಮೊದಲಾಯಿತು. ಸುಮಾರು ಎರಡೂಮುಕ್ಕಾಲು ಮೈಲಿ ಸುತ್ತಳತೆ, 100 ಅಡಿ ಅಗಲ, ತಿರುವುಗಳಲ್ಲಿ ಸುಮಾರು 29 ಅಡಿ ಎತ್ತರ: ಇವು ಅದರ ಮುಖ್ಯ ಅಳತೆಗಳು. ವೆಚ್ಚವು ಸುಮಾರು 1,50,000 ಪೌಂಡುಗಳಿಗೆ ಏರಿ ಲಾಕ್ ಕಿಂಗನ ಐಶ್ವರ್ಯವೂ ಆರೋಗ್ಯವೂ ಕುಸಿದಾಗ, ಅವನ ಪತ್ನಿ ಎಥೆಲ್ ಕೆಲಸದ ಹೊಣೆಯನ್ನು ವಹಿಸಿಕೊಂಡಳು. 1907ರ ಜೂನ್ 17ರಂದು ಪಥದ ಉದ್ಘಾಟನೆ ನೆರವೇರಿತು. ನೂರಾರು ಕೂಲಿಕಾರರು ಮಣ್ಣು ಹೊತ್ತು ಈ ತಿರುವುಗಳನ್ನು ಎಬ್ಬಿಸಿದರು. ಅವರ ಹೆಸರುಗಳನ್ನು ಪಂದ್ಯದ ಪಟ್ಟಿಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮೋಟಾರು ಪಂದ್ಯಕ್ಕೆ ಆ ದೇಶದಲ್ಲಿ ಪೂರ್ವಪದ್ಧತಿ ಇರಲಿಲ್ಲವಾಗಿ, ಕುದುರೆಪಂದ್ಯದ ಪದ್ಧತಿಯನ್ನೇ ಇಲ್ಲಿಗೆ ತಂದರು. ವಾಹನಗಳು ಸಿದ್ಧವಾಗುವ ಅಂಗಳಕ್ಕೆ ಪ್ಯಾಡಕ್ ಎಂಬ ಹೆಸರೇ ನಿಂತಿತು. ಮೊದಮೊದಲು ಚಾಲಕರನ್ನು ಗುರುತಿಸುವುದಕ್ಕೆ ಅಂಕಿಗಳಿರಲಿಲ್ಲ. ಜಾಕಿಗಳಂತೆ ಅವರೂ ಬಣ್ಣದ ಅಂಗಿಗಳನ್ನು ತೊಡುತ್ತಿದ್ದರು. ಇದು ಶ್ರೀಮಂತರ ವಿನೋದಸ್ಥಾನವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ಘಾಟನೆಯಾದ ಹನ್ನೊಂದನೆಯ ದಿನವೇ ಸೆಲ್ವಿನ್ ಎಡ್ಜ್ ಎಂಬವನು ನೇಪಿಯರ್ ಕಾರಿನಲ್ಲಿ ಸತತ 24 ಗಂಟೆಗಳ ಓಟವನ್ನು ಕೈಗೊಂಡು 1,581 ಮೈಲಿಗಳನ್ನು ಕ್ರಮಿಸಿದನು. ಅದು ವಿನೋದಕ್ಕಿಂತ ಹೆಚ್ಚಾಗಿ ಯಂತ್ರದ ಸಹಿಷ್ಣುತೆಯ ಪರೀಕ್ಷೆ. 1909ರಲ್ಲಿ ಕಟ್ಟಿದ ಪರೀಕ್ಷಾ ದಿಬ್ಬವು ಕಡಿದಾದ ಏರಿನಲ್ಲಿ ವಾಹನಗಳ ಶಕ್ತಿಯನ್ನೂ ಬ್ರೇಕುಗಳನ್ನೂ ಪರೀಕ್ಷಿಸಲು ಉಪಯೋಗವಾಯಿತು. ಈ ಪರೀಕ್ಷೆಗಳಿಗೆ ಪ್ರಾಣದ ಬೆಲೆಯನ್ನೂ ತೆರಬೇಕಾಯಿತು. 1913ರ ಫೆಬ್ರವರಿಯಲ್ಲಿ ಒಂದು ಗಂಟೆಯೊಳಗೆ 100 ಮೈಲಿಗೂ ಹೆಚ್ಚು ದೂರ ಓಡಿಸಿದ ಮೊದಲಿಗನೆನಿಸಿದ ಪರ್ಸಿ ಲ್ಯಾಂಬರ್ಟ್, ಅದೇ ವರ್ಷದ ಅಕ್ಟೋಬರಿನಲ್ಲಿ ಇದೇ ಪಥದಲ್ಲಿ ಮರಣ ಹೊಂದಿದನು.

ಪಥದ ನಡುವಣ ಬಯಲು ಬಹುಬೇಗನೆ ವಿಮಾನಗಳ ನೆಲೆಯೂ ಆಯಿತು. 1907-08ರಲ್ಲಿಯೇ ಎ. ವಿ. ರೋ ಇಲ್ಲಿ ತನ್ನ ಪ್ರಯೋಗಗಳನ್ನು ನಡೆಸಿದನು. ಕೆಲವೇ ವರ್ಷಗಳಲ್ಲಿ ಹಾರಾಟದ ಶಾಲೆಗಳು ತಲೆಯೆತ್ತಿದವು. 1915ರಲ್ಲಿ ವಿಕರ್ಸ್ ಸಂಸ್ಥೆ ಪಥದ ಪಕ್ಕದಲ್ಲಿ ವಿಮಾನಗಳ ತಯಾರಿಕೆಯನ್ನು ಆರಂಭಿಸಿತು. ಅಲ್ಲಿಂದ ಮುಂದೆ ಪಥಕ್ಕೂ ಕಾರ್ಖಾನೆಗೂ ನಿಕಟ ಸಂಬಂಧ ಬೆಳೆಯಿತು. ಈ ಸಂಬಂಧಕ್ಕೆ ಉತ್ತಮ ಸಾಕ್ಷಿ ವಸ್ತುಸಂಗ್ರಹಾಲಯದಲ್ಲಿರುವ ನೇಪಿಯರ್-ರೇಲ್ಟನ್ ಕಾರು. 1933ರಲ್ಲಿ ನಿರ್ಮಿತವಾದ ಈ ಕಾರಿನ ಎಂಜಿನು ಸುಮಾರು 24 ಲೀಟರ್ ಗಾತ್ರದ, ಹನ್ನೆರಡು ಸಿಲಿಂಡರುಗಳ ವಿಮಾನದ ಎಂಜಿನು. ಬ್ರೇಕುಗಳಾದರೋ ಹಿಂದಿನ ಚಕ್ರಗಳಿಗೆ ಮಾತ್ರ. ಜಾನ್ ಕಾಬ್ ಇದನ್ನು ಗಂಟೆಗೆ 143.44 ಮೈಲಿ ವೇಗದಲ್ಲಿ ಓಡಿಸಿ, ಮುಂದೆಂದೂ ಮುರಿಯದ ಸುತ್ತಿನ ದಾಖಲೆಯನ್ನು ಸ್ಥಾಪಿಸಿದ್ದು 1935ರ ಅಕ್ಟೋಬರ್ 7ರಂದು. ಸರಿಯಾಗಿ ಮೂವತ್ತು ದಿನಗಳ ಅನಂತರ, ನವೆಂಬರ್ 6ರಂದು, ಹಾಕರ್ ಹರಿಕೇನ್ ಯುದ್ಧವಿಮಾನದ ಮೊದಲ ಮಾದರಿಯು ಇದೇ ನೆಲದಿಂದ ಮೇಲೆದ್ದಿತು. ಮರುವರ್ಷ ಜೂನಿನಲ್ಲಿ ವಿಕರ್ಸ್ ವೆಲಿಂಗ್ಟನ್ ಬಾಂಬರಿನ ಮೊದಲ ಮಾದರಿಯೂ ಇಲ್ಲಿಂದಲೇ ಹಾರಿತು. ಪಥವು ತನ್ನ ವೇಗದ ಶಿಖರವನ್ನು ಮುಟ್ಟಿದ ಹೊತ್ತಿನಲ್ಲಿಯೇ ಅದರ ಉತ್ತರಾಧಿಕಾರಿಯೂ ಸಿದ್ಧವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

1939ರಲ್ಲಿ ಯುದ್ಧ ಆರಂಭವಾದೊಡನೆ ಪಂದ್ಯಗಳು ನಿಂತವು. ಇಡೀ ಪ್ರದೇಶವು ವಿಮಾನಗಳ ಉತ್ಪಾದನೆಗೆ ಮೀಸಲಾಯಿತು. 1940ರ ಸೆಪ್ಟೆಂಬರ್ 4ರಂದು ಶತ್ರುಗಳ ಬಾಂಬುದಾಳಿಗೆ ವಿಕರ್ಸ್ ಕಾರ್ಖಾನೆಯಲ್ಲಿ 80ಕ್ಕೂ ಹೆಚ್ಚು ಕೆಲಸಗಾರರು ಬಲಿಯಾದರು. ಬ್ರೂಕ್‌ಲ್ಯಾಂಡ್ಸಿನ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ದಿನ ಬೇರೊಂದಿಲ್ಲ. ಯುದ್ಧ ಮುಗಿದ ಮೇಲೆ ಪಥವು ಪಂದ್ಯಕ್ಕೆ ಮರಳಲಿಲ್ಲ. 1946ರಲ್ಲಿ ಅದು ವಿಕರ್ಸ್ ಸಂಸ್ಥೆಗೆ ಮಾರಾಟವಾಯಿತು. 1951ರಲ್ಲಿ ಭಾರಿ ವಿಮಾನಗಳಿಗೆ ಹೊಸ ಓಡುದಾರಿ ಬೇಕಾದಾಗ, ಉತ್ತರ ದಿಕ್ಕಿನ ಎತ್ತರದ ತಿರುವಿನ ಒಂದು ಭಾಗವನ್ನೇ ಕಡಿದು ತೆಗೆದರು. ಪಥವನ್ನು ಶಾಶ್ವತವಾಗಿ ತುಂಡರಿಸಿದ್ದು ಶತ್ರುವಿನ ಬಾಂಬಲ್ಲ. ಅದರ ಮಡಿಲಲ್ಲಿಯೇ ಬೆಳೆದ ವಿಮಾನೋದ್ಯಮ. ಆ ಉದ್ಯಮವೂ ಚಿರಸ್ಥಾಯಿಯಾಗಲಿಲ್ಲ. ಕಾಂಕಾರ್ಡ್ ವಿಮಾನದ ಭಾಗಗಳನ್ನು ತಯಾರಿಸಿದ ಕಾರ್ಖಾನೆಯೂ 1980ರ ದಶಕದ ಕೊನೆಯ ವೇಳೆಗೆ ಮುಚ್ಚಿತು. 1991ರಲ್ಲಿ ಬಾಗಿಲು ತೆರೆದ ವಸ್ತುಸಂಗ್ರಹಾಲಯವು ಹೀಗೆ ಎರಡು ಗತಕಾಲಗಳನ್ನು ಒಟ್ಟಿಗೆ ಕಾಪಾಡಬೇಕಾಗಿ ಬಂದಿತು.

ಉಳಿದಿರುವ ತಿರುವಿನ ಬುಡದಲ್ಲಿ ನಿಂತು ನೋಡಿದಾಗ ಕಾಂಕ್ರೀಟಿನ ಬಿರುಕುಗಳೂ ತೇಪೆಗಳೂ ಕಣ್ಣಿಗೆ ಬಿದ್ದವು. ನೆಲ ಕುಸಿದಂತೆ ಪಥವು ಉಬ್ಬುತಗ್ಗಾಗಿ, ಓಟದ ಕಾರುಗಳು ನೆಲಬಿಟ್ಟು ಚಿಮ್ಮುತ್ತಿದ್ದುದನ್ನು ಹಳೆಯ ಛಾಯಾಚಿತ್ರಗಳು ತೋರಿಸುತ್ತವೆ. ಒಳಗೆ, ಸ್ಕಾಟ್ಲೆಂಡಿನ ನೆಸ್ ಸರೋವರದ ತಳದಲ್ಲಿ 45 ವರ್ಷ ಮುಳುಗಿದ್ದು 1985ರಲ್ಲಿ ಮೇಲೆತ್ತಲ್ಪಟ್ಟ ವೆಲಿಂಗ್ಟನ್ ವಿಮಾನವಿದೆ. ಅದು ಇಲ್ಲಿಯೇ ತಯಾರಾದುದು. ಕಾಬನ ಕಾರನ್ನು ನೋಡಿ ಹಿಗ್ಗುವವರು ಈ ವಿಮಾನದ ಮುಂದೆಯೂ ಅಷ್ಟೇ ಹೊತ್ತು ನಿಲ್ಲಬೇಕೆಂದು ನಮ್ಮ ಅಭಿಪ್ರಾಯ. ಕಡಿದ ತಿರುವನ್ನು ಕೇವಲ ನಷ್ಟವೆಂದು ಎಣಿಸಿದರೆ ಚರಿತ್ರೆಯ ಒಂದು ಭಾಗ ಕೈಬಿಡುತ್ತದೆ. ಶಾಸನವೊಂದರ ಅಕ್ಷರಗಳನ್ನು ಅಳಿಸಿ ಮೇಲೆ ಬೇರೊಂದನ್ನು ಕೆತ್ತಿದ್ದರೆ ವಿದ್ಯಾರ್ಥಿಯು ಎರಡನ್ನೂ ಓದಬೇಕಾಗುತ್ತದೆ. ಬ್ರೂಕ್‌ಲ್ಯಾಂಡ್ಸಿನಲ್ಲಿಯೂ ಉಳಿದ ಪಥದಷ್ಟೇ ಎಚ್ಚರಿಕೆಯಿಂದ ಆ ಕಡಿತವನ್ನೂ ಓದುವುದು ಅವಶ್ಯ.