ಹಗೇವಿಗೆ ಇದ್ದ ಮುಚ್ಚಳ ಬೋರ್‌ವೆಲ್‌ಗೆ ಯಾಕಿಲ್ಲ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಳೇ ಮಾಳಿಗೆ ಮನೆಗಳ ಮಾತು ತೆಗೆದರೆ ಹಗೇವಿನ ಸುದ್ದಿ ಬಂದೇ ಬರುತ್ತದೆ. ಜೋಳ ತುಂಬಿಡುತ್ತಿದ್ದ ಗುಂಡಿ ಅದು. ಗಟ್ಟಿ ನೆಲ ನೋಡಿ ಅಂಗಳದಲ್ಲೋ, ಓಣಿಯಲ್ಲೋ, ಕೆಲವೊಮ್ಮೆ ಮನೆಯೊಳಗೋ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟೇ, ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಕಲ್ಲು ಹಾಕಿ ಮಣ್ಣು ಮೆತ್ತುತ್ತಿದ್ದರು. ಆಮೇಲೆ ಮಕ್ಕಳು ಅದರ ಮೇಲೆಯೇ ಆಡಿಕೊಂಡಿರಬಹುದಿತ್ತು.

ಅಪಾಯವೆಲ್ಲ ತೆಗೆಯುವ ದಿನ. ತಿಂಗಳುಗಟ್ಟಲೆ ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿರುತ್ತದೆ, ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ. ಅದಕ್ಕೇ ಬಾಯಿ ತೆರೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಆದರೆ ಆ ಚಪ್ಪಡಿಯನ್ನು ಮಕ್ಕಳಿಗೋಸ್ಕರ ಹಾಕಿದ್ದೇನೂ ಅಲ್ಲ. ಮಳೆನೀರು ಇಳಿದರೆ ಜೋಳ ಮುಗ್ಗುತ್ತದೆ, ಕಳ್ಳರ ಕಾಟ ಬೇರೆ. 1876-78ರ ಬರದಲ್ಲಿ ಬೆಂದುಹೋದ ಬಳ್ಳಾರಿ ಸೀಮೆಗೆ ನೆಲದಡಿಯ ಜೋಳ ಎಂದರೆ ಜೀವ. ಜೋಳ ಉಳಿಸಲು ಹಾಕಿದ ಕಲ್ಲು ಕೂಸನ್ನೂ ಉಳಿಸಿತು, ಅಷ್ಟೇ.

ಬಾವಿಯ ಕಥೆಯೂ ಹೀಗೇ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದ ಜನಕ್ಕೆ ನಾರುಹುಣ್ಣು ಆಗುತ್ತಿತ್ತು. 1980ರ ದಶಕದಲ್ಲಿ ಅದನ್ನು ತೊಲಗಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಮೆಟ್ಟಿಲು ಮುಚ್ಚಿಸಿ, ಕಟ್ಟೆ ಕಟ್ಟಿಸಿ, ಸೇದುವ ಬಾವಿ ಮಾಡಿಸುವುದೂ ಒಂದು ಕೆಲಸವಾಗಿತ್ತು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹುಳಕ್ಕೆಂದು ಕಟ್ಟಿದ ಕಟ್ಟೆ ಅಂಬೆಗಾಲಿಡುವ ಮಗುವಿಗೂ ಅಡ್ಡ ನಿಂತಿತು.

ಇನ್ನು ಬೋರ್‌ವೆಲ್. ನೀರು ಬಿದ್ದರೆ ಅದಕ್ಕೆ ಮೋಟಾರು, ಪೈಪು, ಪೂಜೆ ಎಲ್ಲಾ ಉಂಟು, ಬಾಯಿ ತಾನಾಗಿಯೇ ಮುಚ್ಚಿರುತ್ತದೆ. ಬೀಳದಿದ್ದರೆ? ಮೇಲಿನ ಸಡಿಲ ಮಣ್ಣು ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪಿಗೆ ಬೆಲೆ ಇದೆ, ಅದನ್ನು ಕಿತ್ತು ಒಯ್ಯುತ್ತಾರೆ. ಉಳಿಯುವುದು ಬರೀ ತೂತು, ಅದೂ ಮೊದಲಿಗಿಂತ ಅಗಲ. ಜೋಳವಿಲ್ಲ, ನೀರಿಲ್ಲ, ಮುಚ್ಚುವುದರಿಂದ ಯಾರಿಗೂ ಲಾಭವಿಲ್ಲ. ಸಾಲ ಮಾಡಿ ಕೊರೆಸಿದವನಿಗೆ ಆ ಕಡೆ ನೋಡಲೂ ಮನಸ್ಸಿರುವುದಿಲ್ಲ. ಇದು ಬರೀ ಅಜ್ಞಾನ ಎಂದು ಬೈಯುವವರ ಮಾತನ್ನು ನಾವು ಒಪ್ಪುವುದಿಲ್ಲ.

2010ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಮುಳ್ಳುತಂತಿ ಹಾಕಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಬಾಯಿಗೆ ಬೋಲ್ಟ್ ಹಾಕಿದ ಮುಚ್ಚಳ ಕೂರಿಸಬೇಕು, ಬಿಟ್ಟ ಬೋರ್‌ವೆಲ್ಲನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಇದಾಗಿ ಏಳು ವರ್ಷದ ಮೇಲೆ, 2017ರ ಏಪ್ರಿಲ್‌ನಲ್ಲಿ, ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ಕೊಳವೆಬಾವಿಗೆ ಬಿದ್ದು ತೀರಿಕೊಂಡಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಗಂಡುಮಗು ತಲೆಕೆಳಗಾಗಿ ಬಿತ್ತು. ಸುಮಾರು 20 ತಾಸು ಪಕ್ಕದಲ್ಲಿ ಅಗೆದು ಜೀವಂತ ತೆಗೆದರು. ಆ ಬೋರ್‌ವೆಲ್ ಹಳೆಯದಲ್ಲ, ಹಿಂದಿನ ದಿನವಷ್ಟೇ ಕೊರೆಸಿದ್ದು. ಇದ್ದದ್ದೂ ಮನೆಯವರದೇ ಹೊಲದಲ್ಲಿ, ಮನೆಗೆ ಹತ್ತಿರದಲ್ಲೇ. ಅಂದರೆ ರಿಗ್ ಲಾರಿ ಹೊರಡುವ ಮುಂಚೆಯೇ ಬಾಯಿ ಮುಚ್ಚಿಸಬೇಕು. ಕೂಲಿ ಬಾಕಿ ಉಳಿಸಿಕೊಂಡಾದರೂ ಸರಿ.

ಈಗ ಹೊಲದಿಂದ ಮನೆ ಬಾಗಿಲಿಗೆ ಬರೋಣ. ನಲ್ಲಿ ನೀರು ದಿನವೂ ಬರದ ಊರುಗಳಲ್ಲಿ ಹೊಸ ಮನೆ ಎಂದರೆ ಮೊದಲು ಸಂಪು. ಹಗೇವು ಇದ್ದ ಅಂಗಳದಲ್ಲೇ ಈಗ ಸಂಪು ಇದೆ ಎಂದರೂ ತಪ್ಪಿಲ್ಲ. ಒಂದೇ ವ್ಯತ್ಯಾಸ: ಹಗೇವು ತೆರೆಯುತ್ತಿದ್ದದ್ದು ಅಪರೂಪಕ್ಕೆ, ಸಂಪಿನ ಮುಚ್ಚಳ ಏಳುವುದು ನೀರು ಬಂದಾಗಲೆಲ್ಲ. ಮುರಿದ ಮುಚ್ಚಳದ ಜಾಗದಲ್ಲಿ ತಗಡು, ತಗಡು ಹಾರಿದ ಮೇಲೆ ಗೋಣಿಚೀಲ. ಮಗುವಿಗೆ ಗೋಣಿಚೀಲವೂ ನೆಲವೇ. ಒಂದರಿಂದ ನಾಲ್ಕು ವರ್ಷದ ಮಕ್ಕಳೇ ನೀರಿಗೆ ಹೆಚ್ಚು ಬಲಿಯಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರು ಮುಳುಗಲು ಅರ್ಧ ಬಕೆಟ್ ನೀರೂ ಸಾಕು. ಸಂಪಿಗೆ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ, ಬೀಗದ ಕೈ ಎತ್ತರದ ಗೂಟದಲ್ಲಿ.

ಮುಚ್ಚಳ ಎಷ್ಟೇ ಗಟ್ಟಿ ಇದ್ದರೂ ಕಣ್ಣಿಡುವವರು ಬೇಕಲ್ಲ. ತಾಯಿ ಮೆಕ್ಕೆಜೋಳದ ಕಳೆಗೋ ಕೂಲಿ ಕೆಲಸಕ್ಕೋ ಹೋದರೆ, ಮೂರು ವರ್ಷದೊಳಗಿನ ಕೂಸು ಕಣ್ಣು ಮಂಜಾದ ಅಜ್ಜಿಯ ಪಾಲಿಗೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಪುಟ್ಟ ಮಕ್ಕಳನ್ನು ಒಂದೆಡೆ ನೋಡಿಕೊಂಡಿದ್ದರಿಂದ ಮುಳುಗಿ ಸಾಯುವುದು ಬಹಳ ಕಡಿಮೆಯಾಯಿತು. ನಮ್ಮಲ್ಲೂ 2023ರ ಬಜೆಟ್ಟಿನಲ್ಲಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸರ್ಕಾರ ಹೇಳಿತು. ನಿಮ್ಮ ಪಂಚಾಯ್ತಿಯಲ್ಲಿ ಅದು ಇದೆಯೋ ಇಲ್ಲವೋ, ಇದ್ದರೆ ಬೀಗ ತೆಗೆದಿದೆಯೋ ಇಲ್ಲವೋ, ಒಮ್ಮೆ ಹೋಗಿ ಕೇಳಿ ಬನ್ನಿ.