ಅಂದಗೆಟ್ಟ ಪುಸ್ತಕಗಳ ಮೇಲೊಂದು ‘ತನಿಖೆ’

1919ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಕಿರುಹೊತ್ತಗೆ ಹೊರಬಂತು. ಪುಸ್ತಕಗಳ ಕಾಗದ, ಅಚ್ಚು, ರಟ್ಟು ಇಷ್ಟೊಂದು ಕಳಪೆಯಾಗಿರುವುದೇಕೆ ಎಂದು ಪ್ರಕಾಶಕರನ್ನೇ ವಿಚಾರಿಸಿದ ‘ತನಿಖಾ ವರದಿ’ ಅದು. 1910ರಿಂದೀಚೆಗೆ ಗುಣಮಟ್ಟ ಜಾರುತ್ತ ಬಂದ ಬಗೆಗೆ ರೇಖಾನಕ್ಷೆಯೂ ಇತ್ತು. ತನಿಖೆ ನಡೆಸಿದ್ದು ‘ಸೊಸೈಟಿ ಆಫ್ ಕ್ಯಾಲಿಗ್ರಾಫರ್ಸ್’. ಆದರೆ ಅಂಥ ಸಂಸ್ಥೆಯೇ ಇರಲಿಲ್ಲ! ಸಂದರ್ಶನಗಳೂ ಕಟ್ಟುಕತೆ. ಎಲ್ಲದರ ಹಿಂದಿದ್ದವರು ವಿಲಿಯಂ ಅಡಿಸನ್ ಡ್ವಿಗ್ಗಿನ್ಸ್ (1880-1956) ಎಂಬ ಜಾಹೀರಾತು ಕಲಾವಿದ ಮತ್ತು ಆತನ ಒಬ್ಬ ಸೋದರಸಂಬಂಧಿ.

ತಮಾಷೆ ಮೇಲುನೋಟದ್ದು. ಓದುಗನ ಕೈಗೆ ಬರುವ ವಸ್ತುವಿನ ಬಗ್ಗೆ ಅದನ್ನು ಮಾರುವವರಿಗೆ ಕಾಳಜಿಯೇ ಇಲ್ಲ ಎಂಬುದು ಆತನ ನಿಜವಾದ ಸಂಕಟ.

1922 ಆತನ ಬದುಕಿನ ತಿರುವು. ಸಕ್ಕರೆ ಕಾಯಿಲೆ ಪತ್ತೆಯಾಯಿತು. ಇನ್ಸುಲಿನ್ ಆಗತಾನೆ ಬಳಕೆಗೆ ಬರುತ್ತಿದ್ದ ಕಾಲ. ಆ ರೋಗವೆಂದರೆ ಹೆಚ್ಚುಕಡಿಮೆ ಮರಣದಂಡನೆ. ಉಳಿದ ಆಯುಸ್ಸನ್ನು ಕೈತುಂಬ ಕಾಸು ತರುವ ಜಾಹೀರಾತಿಗೆ ಸವೆಸಲಾರೆನೆಂದು ಆತ ಮೆಲ್ಲನೆ ಪುಸ್ತಕ ವಿನ್ಯಾಸದತ್ತ ಹೊರಳಿದ. ಇನ್ಸುಲಿನ್ ಕೈಹಿಡಿಯಿತು, ಇನ್ನೂ ಮೂವತ್ತು ವರ್ಷಕ್ಕೂ ಮಿಕ್ಕಿ ಬದುಕಿದ. ಅದೇ ವರ್ಷ ಬಾಸ್ಟನ್‌ನ ದಿನಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ‘ಗ್ರಾಫಿಕ್ ಡಿಸೈನ್’ ಎಂಬ ಮಾತು ಬಳಸಿದ. ಅದನ್ನು ಟಂಕಿಸಿದವನೇ ಆತ ಎಂದು ಬಹುಕಾಲ ನಂಬಲಾಗಿತ್ತು. ಅದಕ್ಕೂ ಹಳೆಯ ಬಳಕೆಗಳು ಈಗ ಸಿಕ್ಕಿವೆ.

1928ರಲ್ಲಿ ಜಾಹೀರಾತು ವಿನ್ಯಾಸದ ಮೇಲೊಂದು ಪುಸ್ತಕ ಬರೆದು, ಅಡ್ಡಗೆರೆಯ ಕುಡಿಗಳಿಲ್ಲದ ಬೋಳು ಅಕ್ಷರಗಳಲ್ಲಿ ಒಳ್ಳೆಯವೇ ಇಲ್ಲವೆಂದು ದೂರಿದ. ಲೈನೋಟೈಪ್ ಕಂಪೆನಿಯವರು ಸುಮ್ಮನಿರಲಿಲ್ಲ. ಹಾಗಾದರೆ ನೀವೇ ಬರೆದುಕೊಡಿ ಎಂದರು. ಹುಟ್ಟಿದ್ದು ‘ಮೆಟ್ರೊ’. ಮುಂದೆ ‘ಎಲೆಕ್ಟ್ರಾ’, ‘ಕ್ಯಾಲೆಡೋನಿಯ’ ಬಂದವು. ವಿಮರ್ಶಕನಿಗೆ ಹೀಗೆ ಸವಾಲೆಸೆದು ಗೆದ್ದ ಕಂಪೆನಿಗಳು ಅಪರೂಪ.

ಕೈಗೆಲಸವಂತೂ ಆತನಿಗೆ ಹುಚ್ಚು. ಸೆಲ್ಯುಲಾಯ್ಡ್ ಹಾಳೆಯಲ್ಲಿ ಚಾಕುವಿನಿಂದ ಪುಟ್ಟ ಪುಟ್ಟ ಆಕಾರ ಕತ್ತರಿಸಿ, ಅವನ್ನೇ ತಿರುಗಿಸಿ ಮುರುಗಿಸಿ ಕಾಗದದ ಮೇಲೆ ಬಣ್ಣ ಒತ್ತಿ ಬಳ್ಳಿ, ಹೂ, ಅಂಚುಗಳನ್ನು ಕಟ್ಟುತ್ತಿದ್ದ. ಪ್ರಕಾಶಕ ಆಲ್‌ಫ್ರೆಡ್ ನಾಫ್‌ಗಾಗಿ ಮಾಡಿದ ಅನೇಕ ಪುಸ್ತಕಗಳಿಗೆ ಈ ಚಿತ್ತಾರವೇ ಶೋಭೆ. 1932ರಲ್ಲಿ ಆತನ ಕಣ್ಣು ಬಿದ್ದದ್ದು ಪ್ರತಿಯೊಬ್ಬರ ಜೇಬಿನ ಕಾಗದದ ಮೇಲೆ! ಅಮೆರಿಕದ ನೋಟುಗಳ ರೂಪವನ್ನು ಟೀಕಿಸಿ ಪುಸ್ತಕವನ್ನೇ ಹೊರತಂದ. ಸರ್ಕಾರದ ನೋಟು ಬದಲಾಗಲಿಲ್ಲ ಎಂಬುದು ಬೇರೆ ಮಾತು.

ಹಿಂಗ್‌ಹ್ಯಾಮ್ ಊರಿನಲ್ಲಿ ಸೂತ್ರದ ಗೊಂಬೆಗಳ ರಂಗಮಂದಿರವನ್ನೂ ಕಟ್ಟಿಕೊಂಡಿದ್ದ. ನಯವಾಗಿ ದುಂಡಗೆ ಕೆತ್ತಿದ ಗೊಂಬೆಯ ಮುಖ ಹಿಂದಿನ ಸಾಲಿನವರಿಗೆ ಸಪ್ಪೆಯಾಗಿ ಕಾಣುತ್ತದೆ, ಒರಟು ಚಪ್ಪಟೆ ಮೈಗಳಿಂದ ಕಡೆದದ್ದೇ ಜೀವ ತಳೆಯುತ್ತದೆ ಎಂದು ಅಲ್ಲಿ ಕಂಡುಕೊಂಡ. ಅದನ್ನೇ ಸಣ್ಣ ಅಚ್ಚುಮೊಳೆಗೂ ಅನ್ವಯಿಸಿದ. ಬಾಗಬೇಕಾದಲ್ಲಿ ಕೋನ ಕೊಟ್ಟರೆ ಓದುವ ಕಣ್ಣು ತಾನೇ ಅದನ್ನು ಬಾಗಿಸಿಕೊಳ್ಳುತ್ತದೆ. ಆ ಗೊಂಬೆಗಳೂ ಕಾಗದಪತ್ರಗಳೂ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಲ್ಲಿವೆ.